ಅಪ್ಪನಿಗೆ ಮೈಲೋಮಾ: ಇರುವ ರೋಗನಿರೋಧಕ ಶಕ್ತಿಯನ್ನೂ ಔಷಧವೇ ಇಳಿಸುತ್ತದಂತೆ, ಇದು ಹೇಗೆ?

ಮಾದಾಪುರದ ತೋಟದವ · ಜೂನ್ 19, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಸುಮ್ನೆ ಓದುತ್ತಿದ್ದೆ, ಬರೆಯುವುದು ಇದೇ ಮೊದಲು.

ಅಪ್ಪನಿಗೆ 63 ವರ್ಷ. ಜನವರಿಯಲ್ಲಿ ಕಾಫಿ ಕುಯ್ಲಿನ ಹೊತ್ತಿಗೆ ಸೊಂಟ ನೋವು ಶುರುವಾಯಿತು. ಮೂಟೆ ಎತ್ತಿದ್ದಕ್ಕೆ ಹಿಡಿದುಕೊಂಡಿರಬೇಕು ಅಂತ ಎಣ್ಣೆ ಹಚ್ಚಿ ಕೂತೆವು. ಮಾರ್ಚ್‌ನಲ್ಲಿ ನ್ಯುಮೋನಿಯಾ ಆಯಿತು. ವಾಸಿಯಾಗಿ ಇಪ್ಪತ್ತು ದಿನ ಆಗಿರಲಿಲ್ಲ, ಮತ್ತೆ ನ್ಯುಮೋನಿಯಾ. ಹಿಮೋಗ್ಲೋಬಿನ್ ನೋಡಿದರೆ 7.8. ಕೊನೆಗೆ ಮೈಸೂರಿಗೆ ಕರೆದುಕೊಂಡು ಹೋದೆವು. ಮೂಳೆಮಜ್ಜೆ ಪರೀಕ್ಷೆ ಮಾಡಿ ಮಲ್ಟಿಪಲ್ ಮೈಲೋಮಾ ಅಂದರು, ಮಜ್ಜೆಯಲ್ಲಿ ಹುಟ್ಟುವ ಒಂದು ರಕ್ತ ಕ್ಯಾನ್ಸರ್.

ಈಗ ವಾರಕ್ಕೊಂದು ಬೋರ್ಟೆಜೊಮಿಬ್ ಇಂಜೆಕ್ಷನ್, ಹೊಟ್ಟೆಯ ಚರ್ಮಕ್ಕೆ. ಮನೆಯಲ್ಲಿ ಲೆನಲಿಡೊಮೈಡ್ ಕ್ಯಾಪ್ಸೂಲ್. ಗುರುವಾರ ಒಂದೇ ಸಲಕ್ಕೆ ಹತ್ತು ಡೆಕ್ಸಾ (ಡೆಕ್ಸಾಮೆಥಾಸೋನ್ ಅನ್ನುವ ಸ್ಟೆರಾಯ್ಡ್) ಮಾತ್ರೆ. ಅದರ ಜೊತೆ ಆಸ್ಪಿರಿನ್, ಅಸೈಕ್ಲೋವಿರ್, ಸೆಪ್ಟ್ರಾನ್. ಅಡಿಗೆಮನೆ ಕಪಾಟು ಮೆಡಿಕಲ್ ಶಾಪ್ ಆಗಿದೆ.

ನನ್ನ ಪ್ರಶ್ನೆ ಇದು. ಈ ರೋಗದಿಂದ ಇಮ್ಯುನಿಟಿ ಬಿದ್ದಿದೆ, ಅದಕ್ಕೇ ಎರಡು ಸಲ ನ್ಯುಮೋನಿಯಾ ಆಯಿತು ಅಂದರು ಡಾಕ್ಟರ್. ಅದೇ ಉಸಿರಿನಲ್ಲಿ, ಈ ಔಷಧದಿಂದ ಇಮ್ಯುನಿಟಿ ಇನ್ನೂ ಕಡಿಮೆ ಆಗುತ್ತದೆ, ಹುಷಾರು ಅಂದರು. ಇದು ಗಾಯದ ಮೇಲೆ ಬರೆ ಎಳೆದ ಹಾಗೆ ಅಲ್ವಾ? ಹೊರಗೆ ನಲವತ್ತು ಜನ ಕಾಯುತ್ತಿದ್ದರು, ಮತ್ತೆ ಕೇಳಲು ಬಾಯಿ ಬರಲಿಲ್ಲ.

ಇನ್ನೊಂದು ವಿಷಯ. ನಮ್ಮ ಮನೆ ಕೊಡಗಿನಲ್ಲಿ, ಕಾಫಿ ತೋಟದ ನಡುವೆ ಇದೆ. ಮಳೆ ಹಿಡಿದಿದೆ. ಗೋಡೆಯಲ್ಲಿ, ಬಟ್ಟೆಯಲ್ಲಿ, ಬೀರುವಿನಲ್ಲಿ ಬೂಸ್ಟು. ಕರೆಂಟ್ ಹೋದರೆ ಮೂರು ನಾಲ್ಕು ದಿನ ಬರುವುದಿಲ್ಲ. ಇಂಥ ಕಡೆ ಅವರನ್ನು ಇಟ್ಟುಕೊಳ್ಳಬಹುದಾ, ಇಲ್ಲ ಮೈಸೂರಿನಲ್ಲಿ ಮನೆ ಮಾಡಬೇಕಾ?

ದಿನಕ್ಕೊಂದು ಮಾತ್ರೆ · ಜೂನ್ 19, ರಾತ್ರಿ 9:52

ಬನ್ನಿ ತಮ್ಮಾ. ಧೈರ್ಯವಾಗಿರಿ. ನಮ್ಮ ಲ್ಯಾಬ್ ಅಕ್ಕ ಬರಲಿ, ಸರಿಯಾಗಿ ಬಿಡಿಸಿ ಹೇಳುತ್ತಾರೆ.

ಹಳೇ ಲ್ಯಾಬಿನವಳು · ಜೂನ್ 20, ಬೆಳಿಗ್ಗೆ 6:15

ಬಂದೆ. ಮೂವತ್ತು ವರ್ಷ ರಕ್ತದ ಸ್ಲೈಡ್ ನೋಡಿದವಳು ನಾನು. ಡಾಕ್ಟರ್ ಅಲ್ಲ, ಅದು ನೆನಪಿರಲಿ.

ನಿಮ್ಮ ತಂದೆಯವರ ಹಳೇ ರಿಪೋರ್ಟ್ ತೆಗೆದು ಟೋಟಲ್ ಪ್ರೋಟೀನ್ ಎಷ್ಟಿದೆ ನೋಡಿ. ಮೈಲೋಮಾದಲ್ಲಿ ಅದು ಎಷ್ಟೋ ಸಲ ಜಾಸ್ತಿಯೇ ಇರುತ್ತದೆ. ಆಲ್ಬುಮಿನ್ ಕಡಿಮೆ, ಗ್ಲೋಬುಲಿನ್ ವಿಪರೀತ. ಗ್ಲೋಬುಲಿನ್ ಅಂದರೆ ಅದರಲ್ಲಿ ಬಹುಪಾಲು ಆಂಟಿಬಾಡಿ. ಹಾಗಾದರೆ ಆಂಟಿಬಾಡಿ ತುಂಬಿ ತುಳುಕುವ ಮನುಷ್ಯನಿಗೆ ನ್ಯುಮೋನಿಯಾ ಯಾಕೆ ಬರಬೇಕು?

ನಿಮ್ಮ ತೋಟದ ಭಾಷೆಯಲ್ಲೇ ಹೇಳುತ್ತೇನೆ. ಚೆಕ್‌ರೋಲ್‌ನಲ್ಲಿ ನೂರು ಆಳಿನ ಹಾಜರಿ ಇದೆ. ಹೋಗಿ ನೋಡಿದರೆ ತೊಂಬತ್ತು ಜನ ಒಂದೇ ಮರದ ಬುಡದಲ್ಲಿ ನಿಂತು ಒಂದೇ ಕೊಂಬೆ ಕಡಿಯುತ್ತಿದ್ದಾರೆ. ಕಳೆ ತೆಗೆಯುವವರಿಲ್ಲ, ಬೇಲಿ ಕಾಯುವವರಿಲ್ಲ. ಕೂಲಿ ಮಾತ್ರ ನೂರು ಜನಕ್ಕೂ ಹೋಗುತ್ತಿದೆ. ಆಂಟಿಬಾಡಿ ತಯಾರಿಸುವುದು ಮಜ್ಜೆಯಲ್ಲಿರುವ ಪ್ಲಾಸ್ಮಾ ಕಣಗಳು. ಮೈಲೋಮಾ ಅಂದರೆ ಅಂಥ ಒಂದು ಕಣ ಕೆಟ್ಟು, ತನ್ನಂಥದ್ದನ್ನೇ ಲಕ್ಷಗಟ್ಟಲೆ ಹುಟ್ಟಿಸಿ, ಎಲ್ಲವೂ ಒಂದೇ ಕೆಲಸಕ್ಕೆ ಬಾರದ ಆಂಟಿಬಾಡಿಯನ್ನು ಸುರಿಯುವುದು. ಅದನ್ನೇ ರಿಪೋರ್ಟ್‌ನಲ್ಲಿ ಎಂ ಪ್ರೋಟೀನ್ ಅಂತ ಬರೆದಿರುತ್ತಾರೆ. ಒಳ್ಳೆಯ ಪ್ಲಾಸ್ಮಾ ಕಣಗಳಿಗೆ ಜಾಗವೇ ಉಳಿಯುವುದಿಲ್ಲ. ಕೆಂಪು ಕಣ ಹುಟ್ಟುವ ಜಾಗವನ್ನೂ ಅವೇ ಹಿಡಿದವು, ಅದಕ್ಕೇ ಹಿಮೋಗ್ಲೋಬಿನ್ 7.8.

ಈಗ ನಿಮ್ಮ ಪ್ರಶ್ನೆ. ಶ್ವಾಸಕೋಶದಲ್ಲೋ ಹೊಟ್ಟೆಯಲ್ಲೋ ಕ್ಯಾನ್ಸರ್ ಆದರೆ ಕೆಟ್ಟಿದ್ದು ಬೇರೆ ಅಂಗ. ಇಲ್ಲಿ ಕೆಟ್ಟಿರುವುದು ಕಾವಲುಗಾರನೇ. ಲಿಂಫೋಮಾ, ಮೈಲೋಮಾ, ಹೆಚ್ಚಿನ ಲ್ಯುಕೇಮಿಯಾಗಳು ಎಲ್ಲವೂ ಬಿಳಿ ಕಣಗಳ ಮನೆಯ ರೋಗ. ಕೆಟ್ಟ ಕಾವಲುಗಾರನನ್ನು ಹೊಡೆಯುವ ಔಷಧಕ್ಕೆ ಒಳ್ಳೆಯ ಕಾವಲುಗಾರನೂ ಅದೇ ಬಟ್ಟೆಯಲ್ಲಿ ಕಾಣುತ್ತಾನೆ. ಡೆಕ್ಸಾ ನೋಡಿ. ಅದು ಇಮ್ಯುನಿಟಿ ಇಳಿಸುವುದು ಬರೀ ಅಡ್ಡಪರಿಣಾಮ ಅಲ್ಲ. ಪ್ಲಾಸ್ಮಾ ಕಣಗಳನ್ನೂ ಇತರ ಬಿಳಿ ಕಣಗಳಾದ ಲಿಂಫೋಸೈಟ್‌ಗಳನ್ನೂ ಸಾಯಿಸುವುದಕ್ಕೆಂದೇ ಅದನ್ನು ಕೊಡುವುದು.

ಸೆಪ್ಟ್ರಾನ್ ಮತ್ತು ಅಸೈಕ್ಲೋವಿರ್ ಬಿಡಿಸಬೇಡಿ. ಬೋರ್ಟೆಜೊಮಿಬ್ ತೆಗೆದುಕೊಳ್ಳುವವರಿಗೆ ಸರ್ಪಸುತ್ತು ಏಳುವುದು ಜಾಸ್ತಿ, ಅಸೈಕ್ಲೋವಿರ್ ಅದಕ್ಕೆ ತಡೆ. ಸೆಪ್ಟ್ರಾನ್ ಒಂದು ಬಗೆಯ ಫಂಗಸ್ ನ್ಯುಮೋನಿಯಾ ಬರದಂತೆ. ಆಸ್ಪಿರಿನ್ ಇರುವುದು ಲೆನಲಿಡೊಮೈಡ್‌ನಿಂದ ರಕ್ತ ಹೆಪ್ಪುಗಟ್ಟದಿರಲಿ ಅಂತ. "ಇಷ್ಟೊಂದು ಮಾತ್ರೆ ಯಾಕೆ" ಅಂತ ನೆಂಟರು ಬಂದು ಕಪಾಟು ಖಾಲಿ ಮಾಡಿಸುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮಾದಾಪುರದ ತೋಟದವ · ಜೂನ್ 20, ಬೆಳಿಗ್ಗೆ 7:30

ಅಕ್ಕಾ, ಟೋಟಲ್ ಪ್ರೋಟೀನ್ 10.4, ಆಲ್ಬುಮಿನ್ 2.9 ಇದೆ! ಚೆಕ್‌ರೋಲ್ ಕಥೆಯನ್ನು ಅಪ್ಪನಿಗೆ ಓದಿ ಹೇಳಿದೆ. "ಹಾಗಾದ್ರೆ ನನ್ನ ಮೇಸ್ತ್ರಿ ಮೋಸಗಾರ" ಅಂದರು. ಎಷ್ಟೋ ದಿನದ ಮೇಲೆ ನಕ್ಕಿದ್ದು.

ವಿರಾಜಪೇಟೆ ಮಗಳು · ಜೂನ್ 20, ಮಧ್ಯಾಹ್ನ 1:05

ಇಮ್ಯುನಿಟಿಯ ಥಿಯರಿ ನಿಧಾನಕ್ಕೆ ಓದಿ ಅಣ್ಣ. ಮೊದಲು ಥರ್ಮಾಮೀಟರ್ ತನ್ನಿ. ಎರಡು ತನ್ನಿ. ಬ್ಯಾಟರಿಯನ್ನೂ ತನ್ನಿ.

ನನ್ನ ಅಮ್ಮನಿಗೆ ಲಿಂಫೋಮಾ ಇತ್ತು. ಆರ್-ಚಾಪ್ ಅನ್ನುವ ಕೀಮೋ, 21 ದಿನಕ್ಕೊಮ್ಮೆ. ಎರಡನೇ ಸಲ ಕೊಟ್ಟು ಹತ್ತನೇ ದಿನ, ರಾತ್ರಿ ಹನ್ನೊಂದಕ್ಕೆ ಮೈ ಬೆಚ್ಚಗಾಯಿತು. 101. ಹತ್ತಿರದ ಒಂದು ಆಸ್ಪತ್ರೆಗೆ ಓಡಿದೆವು. ಹೆಸರು ಬೇಡ. ಡ್ಯೂಟಿಯಲ್ಲಿದ್ದವರು ಅಮ್ಮನನ್ನು ನೋಡಿದರು. ಕೆಮ್ಮಿಲ್ಲ, ಗಂಟಲು ಕೆಂಪಿಲ್ಲ. "ವೈರಲ್ ಇರಬೇಕು, ಪ್ಯಾರಾಸಿಟಮಾಲ್ ಕೊಡಿ, ಬೆಳಿಗ್ಗೆ ಬನ್ನಿ" ಅಂತ ಕಳಿಸಿದರು. ನಾನೂ ಖುಷಿಯಿಂದ ವಾಪಸ್ ಬಂದೆ, ಅದೇ ನನಗೆ ಇವತ್ತಿಗೂ ಚುಚ್ಚುವುದು. ಬೆಳಗಿನ ಜಾವ ಅಮ್ಮನ ಕೈಕಾಲು ತಣ್ಣಗಿತ್ತು, ಮಾತು ತೊದಲುತ್ತಿತ್ತು. ಬಿಪಿ 70. ಮೈಸೂರಿಗೆ ಮುಟ್ಟುವ ಹೊತ್ತಿಗೆ ಬೆಳಿಗ್ಗೆ ಒಂಬತ್ತು. ಆರು ದಿನ ಐಸಿಯು.

ಕೆಮ್ಮಿಲ್ಲದ್ದು, ಕೀವಿಲ್ಲದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಕೀವು ಮಾಡುವುದೇ ಬಿಳಿ ಕಣ. ಅದೇ ಇಲ್ಲದಿದ್ದರೆ ಒಳಗೆ ಬೆಂಕಿ ಬಿದ್ದರೂ ಹೊಗೆ ಕಾಣುವುದಿಲ್ಲ. ಜ್ವರ ಒಂದೇ ಸುಳಿವು.

ಡೇ ಕೇರ್ ಸಿಸ್ಟರ್ · ಜೂನ್ 20, ರಾತ್ರಿ 10:40

ವಿರಾಜಪೇಟೆ ಮಗಳು ಹೇಳಿದ್ದನ್ನು ದಯವಿಟ್ಟು ಎರಡು ಸಲ ಓದಿ. ನಾನು ಕೀಮೋ ಕೊಡುವ ವಾರ್ಡ್‌ನಲ್ಲಿ ಕೆಲಸ ಮಾಡುವವಳು, ಊರು ಶನಿವಾರಸಂತೆ ಕಡೆ.

ಲೆಕ್ಕ ಮಾಡುವುದನ್ನು ಕಲಿಯಿರಿ, ಕಷ್ಟ ಇಲ್ಲ. ಸಿಬಿಸಿ (ರಕ್ತ ಕಣಗಳ ಎಣಿಕೆ) ರಿಪೋರ್ಟ್‌ನಲ್ಲಿ ಟೋಟಲ್ ಕೌಂಟ್, ಅಂದರೆ ಒಟ್ಟು ಬಿಳಿ ಕಣ, ಇರುತ್ತದೆ, ಅದರ ಕೆಳಗೆ ಬ್ಯಾಕ್ಟೀರಿಯಾ ತಡೆಯುವ ಬಿಳಿ ಕಣವಾದ ನ್ಯೂಟ್ರೋಫಿಲ್ ಶೇಕಡಾ ಎಷ್ಟು ಅಂತ ಇರುತ್ತದೆ. ಟೋಟಲ್ ಕೌಂಟ್ 1,400, ನ್ಯೂಟ್ರೋಫಿಲ್ ಶೇ 30 ಅಂದುಕೊಳ್ಳಿ. ಗುಣಿಸಿದರೆ 420. ಇದೇ ಎಎನ್‌ಸಿ. 1,500ಕ್ಕಿಂತ ಮೇಲಿದ್ದರೆ ಉಸಿರಾಡಬಹುದು. 500ಕ್ಕಿಂತ ಕೆಳಗೆ ಬಂದರೆ ಮೈಮೇಲೆ, ಹೊಟ್ಟೆಯೊಳಗೆ ಯಾವಾಗಲೂ ಇರುವ ಬ್ಯಾಕ್ಟೀರಿಯಾವೇ ರಕ್ತಕ್ಕೆ ನುಗ್ಗಬಹುದು. ಹೊರಗಿನಿಂದ ಯಾರೂ ಅಂಟಿಸಬೇಕಾಗಿಲ್ಲ. ಸಾಮಾನ್ಯ ಕೀಮೋ ಆದ ಮೇಲೆ 7ರಿಂದ 14 ದಿನದ ನಡುವೆ ಕೌಂಟ್ ತಳ ಮುಟ್ಟುತ್ತದೆ. ಹತ್ತನೇ ದಿನ ಜ್ವರ ಬಂತು ಅಂದಾಗಲೇ ನನಗೆ ಅರ್ಥವಾಯಿತು.

ಜ್ವರ ಅಂದರೆ ಎಷ್ಟು? 100.4 ಒಂದು ಗಂಟೆ ನಿಂತರೆ, ಅಥವಾ 101 ಒಂದೇ ಸಲ ತೋರಿಸಿದರೆ, ಹೊರಡಿ. ರಾತ್ರಿ ಎರಡು ಗಂಟೆ ಆದರೂ ಹೊರಡಿ. ಮನೆ ದೂರ ಇರುವವರು 100.4 ಕಂಡ ಕೂಡಲೇ ಡಾಕ್ಟರಿಗೆ ಫೋನ್ ಮಾಡಿ. ನೋಡುವ ಮೊದಲೇ ಪ್ಯಾರಾಸಿಟಮಾಲ್ ನುಂಗಿಸಬೇಡಿ, ಜ್ವರ ಮುಚ್ಚಿಹೋಗುತ್ತದೆ. ಆಸ್ಪತ್ರೆ ಮುಟ್ಟಿ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆಂಟಿಬಯಾಟಿಕ್ ಹೋಗಬೇಕು, ರಿಪೋರ್ಟ್ ಬರಲಿ ಅಂತ ಕಾಯುವ ಹಾಗಿಲ್ಲ.

ಮಾದಾಪುರದ ಅಣ್ಣ, ನಿಮಗೆ ಇನ್ನೊಂದು ಮಾತು. ಡೆಕ್ಸಾ ಜ್ವರವನ್ನೇ ಅಡಗಿಸುತ್ತದೆ. ತಂದೆಯವರಿಗೆ ಜ್ವರ ಇಲ್ಲದಿದ್ದರೂ ನಡುಕ, ಗಲಿಬಿಲಿ, ವಿಪರೀತ ಸುಸ್ತು, ಉಸಿರು ಮೇಲೆ ಕೆಳಗೆ ಆದರೆ ಜ್ವರ ಇದೆ ಅಂತಲೇ ತಿಳಿಯಿರಿ.

ನಿಮ್ಮ ಡಾಕ್ಟರ ಹತ್ತಿರ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆಸಿಕೊಳ್ಳಿ: ಯಾವ ರೋಗ, ಯಾವ ಔಷಧ ನಡೆಯುತ್ತಿದೆ, ಜ್ವರ ಬಂದರೆ ಯಾವ ಆಂಟಿಬಯಾಟಿಕ್ ತಕ್ಷಣ ಶುರು ಮಾಡಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು. ಹತ್ತಿರದ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿಯಲ್ಲಿರುವ ಹುಡುಗನಿಗೆ ಮೈಲೋಮಾ ರೋಗಿ ವರ್ಷಕ್ಕೊಬ್ಬ ಸಿಕ್ಕರೆ ಹೆಚ್ಚು. ಆ ಕಾಗದ ಅವನಿಗೂ ಧೈರ್ಯ ಕೊಡುತ್ತದೆ. ಲ್ಯಾಮಿನೇಷನ್ ಮಾಡಿಸಿ, ನಮ್ಮ ಮಳೆಗೆ ಕಾಗದ ಉಳಿಯುವುದಿಲ್ಲ.

ಹಸಿರೆಲೆ · ಜೂನ್ 21, ಬೆಳಿಗ್ಗೆ 8:20

ಎಲ್ಲರೂ ಭಯ ಹುಟ್ಟಿಸುವುದೇ ಆಯಿತು. ಇಮ್ಯುನಿಟಿ ಕಡಿಮೆ ಇದ್ದರೆ ಜಾಸ್ತಿ ಮಾಡಿ, ಅಷ್ಟೇ ಅಲ್ವಾ? ಅಮೃತಬಳ್ಳಿ ಕಷಾಯ ಬೆಳಿಗ್ಗೆ ಸಂಜೆ, ನೆಲ್ಲಿಕಾಯಿ ರಸ, ಗ್ರೀನ್ ಟೀ. ನಮ್ಮ ಬೇಲಿಯಲ್ಲೇ ಬೆಳೆಯುತ್ತದೆ. ಖರ್ಚಿಲ್ಲ, ಸೈಡ್ ಎಫೆಕ್ಟ್ ಇಲ್ಲ.

ವಿರಾಜಪೇಟೆ ಮಗಳು · ಜೂನ್ 21, ಬೆಳಿಗ್ಗೆ 8:31

ಇಮ್ಯುನಿಟಿ ಏನು ಡೀಸೆಲ್ ಟ್ಯಾಂಕಾ, ಮೇಲಿನಿಂದ ತುಂಬಿಸಲು?

ಹಳೇ ಲ್ಯಾಬಿನವಳು · ಜೂನ್ 21, ಬೆಳಿಗ್ಗೆ 9:00

ಜಗಳ ಬೇಡ. ಹಸಿರೆಲೆಯವರು ಒಳ್ಳೆಯದಕ್ಕೇ ಹೇಳಿದ್ದಾರೆ, ಆದರೆ ಅವರು ಹೆಸರಿಸಿದ ಮೂರಕ್ಕೂ ಇಲ್ಲಿ ತಕರಾರಿದೆ.

ಗ್ರೀನ್ ಟೀಯಲ್ಲಿರುವ ಒಂದು ಅಂಶ ಬೋರ್ಟೆಜೊಮಿಬ್‌ಗೇ ಅಂಟಿಕೊಂಡು ಅದರ ಕೆಲಸ ಕೆಡಿಸುವುದನ್ನು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಜಾಸ್ತಿ ವಿಟಮಿನ್ ಸಿ ಕೂಡ ಹಾಗೆಯೇ, ಆದ್ದರಿಂದ ಲೋಟಗಟ್ಟಲೆ ನೆಲ್ಲಿಕಾಯಿ ರಸ ಬೇಡ. ಊಟದ ಜೊತೆ ಒಂದು ಚೂರು ಉಪ್ಪಿನಕಾಯಿಗೆ ಯಾರೂ ಬೇಡ ಅನ್ನುವುದಿಲ್ಲ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟ ಪ್ರಕರಣಗಳನ್ನು ಕೊರೋನಾ ಸಮಯದಲ್ಲಿ ಮುಂಬೈಯ ಲಿವರ್ ತಜ್ಞರು ವರದಿ ಮಾಡಿದ್ದರು. ಆಯುಷ್ ಕಡೆಯವರು ಅದನ್ನು ಒಪ್ಪಲಿಲ್ಲ, ದೊಡ್ಡ ವಾದವೇ ಆಯಿತು. ಅದೇನೇ ಇರಲಿ, ಕೀಮೋ ನಡೆಯುವಾಗ ಲಿವರ್ ರಿಪೋರ್ಟ್ ಏರಿದರೆ ಡಾಕ್ಟರ್ ಔಷಧ ನಿಲ್ಲಿಸುತ್ತಾರೆ. ಆಮೇಲೆ ಏರಿಸಿದ್ದು ಕಷಾಯವೋ ಕೀಮೋವೋ ಅಂತ ಹುಡುಕುತ್ತಾ ಕೂರಬೇಕು.

ನಮ್ಮೂರಿನವರಿಗೆ ಇನ್ನೊಂದು. ಚಕ್ಕೋತ. ಹಿತ್ತಲಲ್ಲಿ ಇರುತ್ತದೆ ಅಂತ ರೋಗಿಗೆ ಬಿಡಿಸಿ ಕೊಡುತ್ತೇವೆ. ಸಿಎಲ್‌ಎಲ್ ಅನ್ನುವ ನಿಧಾನದ ರಕ್ತ ಕ್ಯಾನ್ಸರಿಗೆ ಇಬ್ರುಟಿನಿಬ್ ಅಥವಾ ವೆನೆಟೊಕ್ಲ್ಯಾಕ್ಸ್ ನುಂಗುವವರು ಅದನ್ನು ತಿನ್ನಬಾರದು. ಔಷಧವನ್ನು ಕರಗಿಸುವ ಕಿಣ್ವವನ್ನು ಚಕ್ಕೋತ ತಡೆಹಿಡಿಯುತ್ತದೆ, ರಕ್ತದಲ್ಲಿ ಔಷಧ ಏರುತ್ತಲೇ ಹೋಗುತ್ತದೆ. ಕೊಡಗಿನ ಕಿತ್ತಳೆಗೆ ಈ ತೊಂದರೆ ಇಲ್ಲ, ತೊಳೆದು ಸಿಪ್ಪೆ ಬಿಡಿಸಿ ತಿನ್ನಿ.

ಹಸಿರೆಲೆ · ಜೂನ್ 21, ಬೆಳಿಗ್ಗೆ 9:45

ಗ್ರೀನ್ ಟೀ ವಿಷಯ ಗೊತ್ತಿರಲಿಲ್ಲ. ವಾಪಸ್ ತೆಗೆದುಕೊಂಡೆ. ಅಡಿಗೆಗೆ ಹಾಕುವ ಅರಿಶಿನ, ಶುಂಠಿ, ಕರಿಮೆಣಸಿಗೂ ಕತ್ತರಿ ಹಾಕಬೇಡಿ ಮತ್ತೆ.

ಡೇ ಕೇರ್ ಸಿಸ್ಟರ್ · ಜೂನ್ 21, ಮಧ್ಯಾಹ್ನ 2:10

ಅಡಿಗೆಗೆ ಬೀಳುವಷ್ಟು ಬೀಳಲಿ. ಊಟದ ವಿಷಯದಲ್ಲಿ ಜನ ಅತಿ ಮಾಡುತ್ತಾರೆ. ಹಣ್ಣಿಲ್ಲ, ಮೊಸರಿಲ್ಲ, ಬರೀ ಗಂಜಿ ಅಂತ ಕೂರಿಸಿ ರೋಗಿಯನ್ನು ಇನ್ನೂ ಸೊರಗಿಸುತ್ತಾರೆ. ಅಂಥ ಪಥ್ಯದಿಂದ ಸೋಂಕು ಕಡಿಮೆ ಆಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಚೆನ್ನಾಗಿ ಬೆಂದ ಬಿಸಿ ಊಟ ಇದ್ದರೆ ಸಾಕು. ಕಡಂಬುಟ್ಟು, ಪಂದಿ ಕರಿ, ಮೊಟ್ಟೆ, ಎಲ್ಲವೂ ಆಗಬಹುದು, ಪೂರ್ತಿ ಬೆಂದಿರಬೇಕು. ನಿನ್ನೆ ಉಳಿದದ್ದು ಬೇಡ. ನೀರು ಕುದಿಸಿ ಕೊಡಿ. ತೋಡಿನ ನೀರು, ಟ್ಯಾಂಕ್ ನೀರು ನೇರವಾಗಿ ಬೇಡ. ಕೌಂಟ್ ಬಿದ್ದಾಗ ಮೊಸರನ್ನು ಡಾಕ್ಟರಿಗೆ ಕೇಳಿ ಕೊಡಿ.

ಅಣ್ಣನ ಮಜ್ಜೆ · ಜೂನ್ 21, ರಾತ್ರಿ 11:25

ತೋಟದ ಮನೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ಗೋಣಿಕೊಪ್ಪ ಹತ್ತಿರದವಳು, 2016ರಲ್ಲಿ ಎಎಂಎಲ್ ಅನ್ನುವ ಲ್ಯುಕೇಮಿಯಾ ಆಗಿತ್ತು. ಅಣ್ಣನ ಮಜ್ಜೆ ಹಾಕಿ ಬದುಕಿಸಿದರು.

ನನ್ನ ಡಾಕ್ಟರಿಗೆ ಭಯ ಇದ್ದದ್ದು ಬೂಸ್ಟಿನದ್ದೇ. ಅಸ್ಪರ್ಜಿಲಸ್ ಅಂತ ಒಂದು ಫಂಗಸ್ ಇದೆ. ಕೊಳೆತ ಎಲೆ, ಗೊಬ್ಬರ ಗುಂಡಿ, ಕಾಫಿ ಸಿಪ್ಪೆ ರಾಶಿ, ಒದ್ದೆ ಗೋಡೆ, ಮನೆ ಒಡೆಯುವ ಧೂಳು, ಎಲ್ಲದರಲ್ಲೂ ಅದರ ಬೀಜ ಹಾರುತ್ತಿರುತ್ತದೆ. ಆರೋಗ್ಯವಂತರು ದಿನಾ ಉಸಿರಾಡಿ ಏನೂ ಆಗದೆ ಇರುತ್ತಾರೆ. ವಾರಗಟ್ಟಲೆ ನ್ಯೂಟ್ರೋಫಿಲ್ ಇಲ್ಲದವರ ಶ್ವಾಸಕೋಶದಲ್ಲಿ ಅದು ಬೇರು ಬಿಡುತ್ತದೆ. ನನ್ನನ್ನು ಒಂದು ವರ್ಷ ಊರಿಗೆ ಬಿಡಲಿಲ್ಲ. ಮೈಲೋಮಾದ ಈ ಔಷಧಕ್ಕೆ ಕೌಂಟ್ ಅಷ್ಟು ದಿನ ತಳಕ್ಕೆ ಬೀಳುವುದಿಲ್ಲ, ಆದ್ದರಿಂದ ನಿಮ್ಮ ತಂದೆಗೆ ಊರು ಬಿಡುವುದು ಬೇಕಾಗಲಿಕ್ಕಿಲ್ಲ, ಡಾಕ್ಟರನ್ನು ಕೇಳಿ. ಆದರೆ ಅವರ ಕೋಣೆಯ ಬೂಸ್ಟು ಒರೆಸಬೇಕು, ಅವರು ಪಕ್ಕದ ಕೋಣೆಯಲ್ಲಿ ಇರುವಾಗ, ಬೇರೆಯವರು. ಒದ್ದೆ ಬಟ್ಟೆಯನ್ನು ಆ ಕೋಣೆಯಲ್ಲಿ ಒಣಗಿಸಬೇಡಿ. ಕಾಫಿ ಒಣಗಿಸುವ ಕಣದ ಕಡೆ, ಸಿಪ್ಪೆ ಗುಂಡಿ ಕಡೆ ಕಳಿಸಬೇಡಿ. ಹೋಗಿಯೇ ತೀರುತ್ತೇನೆ ಅಂದರೆ ಎನ್-95 ಮಾಸ್ಕ್.

ನನ್ನ ಕಥೆಯಲ್ಲಿ ಇಮ್ಯುನಿಟಿ ಇಳಿಸಿದ್ದು ಬೇರೆಯದೇ ಕಾರಣಕ್ಕೆ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರ ಮಜ್ಜೆ ಹೊಂದುವ ಸಾಧ್ಯತೆ ಶೇ 25. ಇರುವುದು ಒಬ್ಬನೇ ಅಣ್ಣ, ಅವನದ್ದೇ ಹೊಂದಿತು. ಆದರೆ ಮಜ್ಜೆ ಅಂದರೆ ಅವನ ಕಾವಲುಗಾರರ ಪಡೆ ಪೂರ್ತಿ ನನ್ನ ಮೈಯೊಳಗೆ ಬಂದ ಹಾಗೆ. ಅವರಿಗೆ ನಾನು ಪರಕೀಯಳು. ನನ್ನ ಚರ್ಮ, ಕರುಳು, ಲಿವರ್ ಮೇಲೆ ಬೀಳಬಾರದು ಅಂತ ಸೈಕ್ಲೋಸ್ಪೊರಿನ್ ಕೊಟ್ಟು ಅವರ ಕೈ ಕಟ್ಟಿದರು. ಪೂರ್ತಿ ಕಟ್ಟಿದರೂ ಕಷ್ಟ, ಯಾಕೆಂದರೆ ಉಳಿದುಕೊಂಡ ಲ್ಯುಕೇಮಿಯಾ ಕಣವನ್ನು ಹುಡುಕಿ ಕೊಲ್ಲುವವರೂ ಅವರೇ. ಕೈಯಲ್ಲಿ ಸ್ವಲ್ಪ ಕೆಂಪು ದದ್ದು ಎದ್ದಾಗ ನಾನು ಅತ್ತೆ. ಡಾಕ್ಟರ್ ನೋಡಿ, "ಇಷ್ಟು ಬಂದರೆ ನನಗೆ ಸಂತೋಷವೇ" ಅಂದರು. ಹುಚ್ಚು ಅನ್ನಿಸಿತು ಆವತ್ತು.

ಸೈಕ್ಲೋಸ್ಪೊರಿನ್‌ಗೆ ಒಂದು ಗಬ್ಬು ವಾಸನೆ, ಕ್ಯಾಪ್ಸೂಲ್ ಪಟ್ಟಿ ಹರಿದ ಕೂಡಲೇ ಗೊತ್ತಾಗುತ್ತದೆ. ಕೈ ನಡುಗುತ್ತಿತ್ತು, ಕೆನ್ನೆಯಲ್ಲಿ ಕೂದಲು ಬಂತು. ಈಗ ಎಲ್ಲ ನಿಂತಿದೆ. ನನ್ನ ರಕ್ತದ ಗುಂಪು ಓ ಇತ್ತು, ಈಗ ಅಣ್ಣನದ್ದು, ಬಿ. ಚಿಕ್ಕಂದಿನಲ್ಲಿ ಹಾಕಿಸಿದ ಲಸಿಕೆಗಳ ನೆನಪೆಲ್ಲ ಅಳಿಸಿಹೋಗಿದ್ದರಿಂದ ಮೊದಲಿನಿಂದ ಹಾಕಿಸಬೇಕಾಯಿತು. ಮೂವತ್ತೆರಡು ವರ್ಷದವಳು ಮಕ್ಕಳ ಲಸಿಕೆ ಕಾರ್ಡ್ ಹಿಡಿದು ಸಾಲಿನಲ್ಲಿ ಕೂತಿದ್ದೆ. ಪಕ್ಕದ ಹೆಂಗಸು "ಮಗು ಎಲ್ಲಿ?" ಅಂತ ಕೇಳಿದರು.

ದಿನಕ್ಕೊಂದು ಮಾತ್ರೆ · ಜೂನ್ 22, ಬೆಳಿಗ್ಗೆ 7:00

ಓದುವವರು ಎಲ್ಲ ರಕ್ತ ಕ್ಯಾನ್ಸರೂ ಒಂದೇ ಅಂದುಕೊಂಡು ಹೆದರಬಾರದು ಅಂತ ನನ್ನದನ್ನೂ ಬರೆಯುತ್ತೇನೆ. ನನಗೆ ಸಿಎಂಎಲ್, 2009ರಿಂದ. 9 ಮತ್ತು 22ನೇ ಕ್ರೋಮೋಸೋಮಿನ ತುಂಡುಗಳು ಅದಲು ಬದಲಾಗಿ ಹುಟ್ಟುವ ಒಂದು ಪ್ರೋಟೀನಿನಿಂದ ಬರುವ ರೋಗ. ಇಮ್ಯಾಟಿನಿಬ್ 400 ಮಿಲಿಗ್ರಾಂ, ದಿನಕ್ಕೊಂದು. ಆ ಪ್ರೋಟೀನನ್ನೇ ಗುರಿಯಿಟ್ಟು ಹೊಡೆಯುವುದರಿಂದ ಇಮ್ಯುನಿಟಿಗೆ ಅಷ್ಟು ಪೆಟ್ಟಿಲ್ಲ. ಮಳೆಯಲ್ಲಿ ನೆನೆದು ತೋಟ ಮಾಡುತ್ತೇನೆ, ಜಿಗಣೆ ಕಚ್ಚಿಸಿಕೊಳ್ಳುತ್ತೇನೆ.

ಮೂಲ ಕಂಪನಿಯ ಮಾತ್ರೆ ಆಗ ತಿಂಗಳಿಗೆ ಲಕ್ಷದ ಮೇಲಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಅದಕ್ಕೆ ಪೇಟೆಂಟ್ ಇಲ್ಲ ಅಂದಿತು. ಆ ತೀರ್ಪು ಬಂದ ದಿನ ನಾನು ಸುಂಟಿಕೊಪ್ಪದ ಹೋಟೆಲ್‌ನಲ್ಲಿ ಟಿವಿ ನೋಡುತ್ತಾ ಎದ್ದು ಚಪ್ಪಾಳೆ ಹೊಡೆದಿದ್ದೆ. ಏಪ್ರಿಲ್ ಫೂಲ್ ಅಂದುಕೊಂಡರು ಕೆಲವರು.

ಹಳೇ ಲ್ಯಾಬಿನವಳು · ಜೂನ್ 23, ಬೆಳಿಗ್ಗೆ 6:40

ಜಿಗಣೆ ಅಂದಾಗ ನೆನಪಾಯಿತು. ಮಾದಾಪುರದವರೇ, ತಂದೆಯವರು ತೋಟದಲ್ಲಿ ಬರಿಗಾಲಲ್ಲಿ ಓಡಾಡಿದವರಾ? ಹಾಗಿದ್ದರೆ ಸ್ಟ್ರಾಂಗಿಲಾಯ್ಡಿಸ್ ಅನ್ನುವ ಹುಳದ ಪರೀಕ್ಷೆ ಮಾಡಿಸುವುದಾ ಅಂತ ಡಾಕ್ಟರನ್ನು ಕೇಳಿ. ಮಣ್ಣಿನಿಂದ ಪಾದದ ಚರ್ಮ ಕೊರೆದು ಒಳಗೆ ಹೋಗುತ್ತದೆ. ಕರುಳಿನಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಇರುತ್ತದೆ. ಡೆಕ್ಸಾದಂಥ ಸ್ಟೆರಾಯ್ಡ್ ಬಿದ್ದಾಗ ಮಿತಿ ಮೀರಿ ಹೆಚ್ಚಿ ಶ್ವಾಸಕೋಶದವರೆಗೂ ಹರಡುತ್ತದೆ. ಮೊದಲೇ ಸಿಕ್ಕರೆ ಐವರ್‌ಮೆಕ್ಟಿನ್ ಮಾತ್ರೆಯಲ್ಲಿ ಮುಗಿಯುತ್ತದೆ. ನಗರದ ಡಾಕ್ಟರಿಗೆ ನಮ್ಮ ಪಾದ ಗೊತ್ತಿರುವುದಿಲ್ಲ, ನಾವೇ ಹೇಳಬೇಕು.

ಇನ್ನೊಂದು ಹೆಪಟೈಟಿಸ್ ಬಿ. ರಿಟುಕ್ಸಿಮ್ಯಾಬ್ (ಆರ್-ಚಾಪ್‌ನ ಆರ್ ಅದೇ) ಕೊಡುವ ಮೊದಲು ಅದರ ಪರೀಕ್ಷೆ ಆಗಲೇಬೇಕು. ಹಿಂದೆಂದೋ ಬಂದು ಮಲಗಿದ್ದ ವೈರಸ್ ಎದ್ದು ಲಿವರ್ ಹಾಳು ಮಾಡುತ್ತದೆ.

ಮಾದಾಪುರದ ತೋಟದವ · ಜೂನ್ 23, ರಾತ್ರಿ 8:15

ಅಪ್ಪ ಚಪ್ಪಲಿ ಹಾಕಿದ್ದು ನನ್ನ ಮದುವೆಗೆ ಮಾತ್ರ ಅಕ್ಕಾ. ಕೇಳುತ್ತೇನೆ.

ಡೆಕ್ಸಾ ದಿನ ರಾತ್ರಿ ಅವರಿಗೆ ನಿದ್ದೆಯೇ ಇಲ್ಲ. ಮೊನ್ನೆ ಎರಡು ಗಂಟೆಗೆ ಸದ್ದಾಯಿತು ಅಂತ ಎದ್ದರೆ ಹಾಲ್‌ನಲ್ಲಿ ದೀಪ ಹಾಕಿಕೊಂಡು ಕೋವಿ ಬಿಚ್ಚಿ ಎಣ್ಣೆ ಒರೆಸುತ್ತಾ ಕೂತಿದ್ದಾರೆ. ಕೈಲ್‌ಪೊಳ್ದ್‌ಗೆ ಇನ್ನೂ ಎರಡು ತಿಂಗಳಿದೆ ಅಪ್ಪಾ ಅಂದೆ, ಕೋವಿಗೆ ಪೂಜೆ ಮಾಡುವ ನಮ್ಮ ಹಬ್ಬ ಅದು. "ನಿದ್ದೆ ಬರ್ತಿಲ್ಲ, ಕೈಯಾದ್ರೂ ಕೆಲಸ ಮಾಡ್ಲಿ" ಅಂದರು.

ಡೇ ಕೇರ್ ಸಿಸ್ಟರ್ · ಜೂನ್ 24, ಬೆಳಿಗ್ಗೆ 6:05

ಡೆಕ್ಸಾವನ್ನು ಬೆಳಿಗ್ಗೆ ತಿಂಡಿ ಆದ ಕೂಡಲೇ ಕೊಡಿ, ರಾತ್ರಿ ಸ್ವಲ್ಪ ವಾಸಿ. ಆ ದಿನ ಮತ್ತು ಮರುದಿನ ಶುಗರ್ ನೋಡಿ. ಮತ್ತೆ ಲಸಿಕೆ. ಫ್ಲೂ, ನ್ಯುಮೋನಿಯಾದ್ದು, ಸರ್ಪಸುತ್ತಿನ ಶಿಂಗ್ರಿಕ್ಸ್, ಇವು ಜೀವಂತ ಲಸಿಕೆ ಅಲ್ಲ, ಡಾಕ್ಟರ್ ಹೇಳಿದ ಸಮಯಕ್ಕೆ ಹಾಕಿಸಬಹುದು. ಎಂಎಂಆರ್, ಚಿಕನ್‌ಪಾಕ್ಸ್‌ನಂಥ ಜೀವಂತ ಲಸಿಕೆ ಅವರಿಗೆ ಬೇಡ. ಅವರ ಮೈ ಲಸಿಕೆಗೆ ಅಷ್ಟಾಗಿ ಸ್ಪಂದಿಸದು, ಆದ್ದರಿಂದ ಮನೆಯಲ್ಲಿರುವ ನೀವೆಲ್ಲ ಫ್ಲೂ ಲಸಿಕೆ ಹಾಕಿಸಿಕೊಳ್ಳಿ. ಮನೆಯಲ್ಲಿ ಪುಟ್ಟ ಮಗು ಇದೆಯಾ? ಪೋಲಿಯೊ ಹನಿ ಹಾಕಿಸುವ ಮೊದಲು ಡಾಕ್ಟರಿಗೆ ಹೇಳಿ. ಅದರ ವೈರಸ್ ಮಗುವಿನ ಮಲದಲ್ಲಿ ಕೆಲವು ವಾರ ಹೋಗುತ್ತಿರುತ್ತದೆ. ಡಯಾಪರ್ ಬದಲಿಸುವ ಕೆಲಸ ತಾತನಿಗೆ ಬೇಡ.

ಮಾದಾಪುರದ ತೋಟದವ · ಜುಲೈ 27, ಸಂಜೆ 5:30

ಬಹಳ ದಿನದ ಮೇಲೆ ಬರೆಯುತ್ತಿದ್ದೇನೆ. ಕರೆಂಟೂ ಇರಲಿಲ್ಲ, ಸಿಗ್ನಲ್ಲೂ ಇರಲಿಲ್ಲ, ಆಮೇಲೆ ನಾವೇ ಇರಲಿಲ್ಲ.

16ನೇ ತಾರೀಖು ರಾತ್ರಿ ಒಂದು ಗಂಟೆ. ಅಮ್ಮ ಎಬ್ಬಿಸಿದರು, "ಅಪ್ಪ ನಡುಗ್ತಿದ್ದಾರೆ." ಟಾರ್ಚ್ ಬೆಳಕಿನಲ್ಲಿ ಥರ್ಮಾಮೀಟರ್ ಇಟ್ಟರೆ 100.2. ಬೇರೆ ದಿನವಾಗಿದ್ದರೆ ಕಂಬಳಿ ಹೊದಿಸಿ ಮಲಗಿಸುತ್ತಿದ್ದೆವು. ಆದರೆ ಡೆಕ್ಸಾ ನುಂಗಿದ್ದರು. ಸಿಸ್ಟರ್ ಬರೆದದ್ದು ನೆನಪಿಗೆ ಬಂತು. ಜೀಪ್ ತೆಗೆದೆ. ಮನೆ ದಾರಿಯಲ್ಲೇ ಒಂದು ಸಿಲ್ವರ್ ಮರ ಅಡ್ಡ ಬಿದ್ದಿತ್ತು. ಆಳುಗಳ ಲೈನ್ ಮನೆಯಿಂದ ನಾಲ್ಕು ಜನ ಕತ್ತಿ, ಕೊಡಲಿ ಹಿಡಿದು ಬಂದು ಇಪ್ಪತ್ತು ನಿಮಿಷದಲ್ಲಿ ದಾರಿ ಮಾಡಿದರು. ಆನೆಕಾಡಿನಲ್ಲಿ ರಸ್ತೆ ಪಕ್ಕದಲ್ಲೇ ಒಂದು ಆನೆ, ಮರಿ ಬೇರೆ. ಲೈಟ್ ಡಿಮ್ ಮಾಡಿ ನಿಂತೆ. ಅದು ದಾಟುವವರೆಗೆ ನಾನು ಅಪ್ಪನ ಉಸಿರು ಎಣಿಸುತ್ತಿದ್ದೆ.

ಕುಶಾಲನಗರದ ಆಸ್ಪತ್ರೆಯಲ್ಲಿ ಲ್ಯಾಮಿನೇಷನ್ ಮಾಡಿದ ಕಾಗದ ತೋರಿಸಿದೆ. ಡ್ಯೂಟಿ ಡಾಕ್ಟರ್ ಹುಡುಗಿ ಎರಡು ಸಲ ಓದಿದರು, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು, ರಕ್ತ ತೆಗೆದು ಕೂಡಲೇ ಆಂಟಿಬಯಾಟಿಕ್ ಏರಿಸಿದರು. ಒಳಗೆ ಹೋದ ಮೇಲೆ ನಲವತ್ತು ನಿಮಿಷ ಆಗಿರಬಹುದು. ಎಎನ್‌ಸಿ 900. ನಾನೇ ಲೆಕ್ಕ ಮಾಡಿದೆ. ಬೆಳಿಗ್ಗೆ ಮೈಸೂರಿಗೆ ಕರೆದುಕೊಂಡು ಹೋದೆವು. ಎಕ್ಸ್‌ರೇಯಲ್ಲಿ ಮತ್ತೆ ನ್ಯುಮೋನಿಯಾ. ಎಂಟು ದಿನ ಇದ್ದು ಬಂದೆವು. ಐಸಿಯು ಬೇಕಾಗಲಿಲ್ಲ.

ಸೋಂಕು ತಡೆಯುವ ಮುಖ್ಯ ಆಂಟಿಬಾಡಿಯಾದ ಐಜಿಜಿ ತುಂಬಾ ಕಡಿಮೆ ಇದೆ, ಮತ್ತೆ ಮತ್ತೆ ಹೀಗಾದರೆ ಐವಿಐಜಿ ಕೊಡೋಣ ಅಂದಿದ್ದಾರೆ. ಅದು ಏನು, ಎಷ್ಟಾಗುತ್ತದೆ?

ವಿರಾಜಪೇಟೆ ಮಗಳು · ಜುಲೈ 27, ಸಂಜೆ 5:41

100.2ಕ್ಕೆ ಹೊರಟಿರಲ್ಲ ಅಣ್ಣ. ನನಗೆ ಓದಿ ಅಳು ಬಂತು.

ಹಳೇ ಲ್ಯಾಬಿನವಳು · ಜುಲೈ 27, ರಾತ್ರಿ 9:20

ಐವಿಐಜಿ ಅಂದರೆ ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ಬೇರ್ಪಡಿಸಿದ ಆಂಟಿಬಾಡಿ. ನಿಮ್ಮ ತೋಟದ ಆಳುಗಳು ಕೆಲಸ ಮಾಡುತ್ತಿಲ್ಲ ಅಂತ ಹೊರಗಿನಿಂದ ಜನ ಕರೆಸಿದ ಹಾಗೆ. ಮೂರು ನಾಲ್ಕು ವಾರ ಇದ್ದು ಹೋಗುತ್ತಾರೆ, ಮತ್ತೆ ಕರೆಸಬೇಕು. ತೂಕದ ಕಿಲೋಗೆ 0.4 ಗ್ರಾಂ ಲೆಕ್ಕ, 60 ಕಿಲೋ ಇದ್ದರೆ 24 ಗ್ರಾಂ. ಒಂದು ಸಲಕ್ಕೇ ಹತ್ತಾರು ಸಾವಿರ ರೂಪಾಯಿ. ಅದಕ್ಕೇ ಎಲ್ಲರಿಗೂ ಕೊಡುವುದಿಲ್ಲ, ಐಜಿಜಿ ಕಡಿಮೆ ಇದ್ದು ಪದೇ ಪದೇ ದೊಡ್ಡ ಸೋಂಕು ಆಗುವವರಿಗೆ ಮಾತ್ರ.

ಕಾರ್ಡ್ ಯಾವುದು ನಿಮ್ಮದು? ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30, ಅದೂ ಒಂದೂವರೆ ಲಕ್ಷದೊಳಗೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಇಟ್ಟುಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಲ್ಲೂ ಒಂದು ಸಲ ವಿಚಾರಿಸಿ.

ಮಾದಾಪುರದ ತೋಟದವ · ಜುಲೈ 31, ರಾತ್ರಿ 8:50

ಎಪಿಎಲ್. ಹತ್ತು ಏಕರೆ ಇದೆ ಅಂತ ಶ್ರೀಮಂತರು ನಾವು. ಕರಿಮೆಣಸು ಮಾರದೆ ಇಟ್ಟಿದ್ದೆ, ಮಾರಿದೆ.

ಇನ್ನೊಂದು ಸಣ್ಣ ಪ್ರಶ್ನೆ, ನಗಬೇಡಿ. ಆಗಸ್ಟ್ 3ಕ್ಕೆ ಕಕ್ಕಡ ಹದಿನೆಂಟು, ನಮ್ಮ ಕಡೆ ಮದ್ದು ಸೊಪ್ಪು ತಿನ್ನುವ ದಿನ. ಮದ್ದು ಸೊಪ್ಪಿನ ಪಾಯಸ ಇಲ್ಲದಿದ್ದರೆ ಅಪ್ಪನಿಗೆ ವರ್ಷವೇ ಆಗುವುದಿಲ್ಲ. ಕೊಡಬಹುದಾ?

ಡೇ ಕೇರ್ ಸಿಸ್ಟರ್ · ಆಗಸ್ಟ್ 1, ಬೆಳಿಗ್ಗೆ 6:30

ನಗುವುದಿಲ್ಲ, ನಾನೂ ಕೊಡಗಿನವಳೇ. ಡಾಕ್ಟರಿಗೆ ಮೊದಲೇ ಫೋನ್ ಮಾಡಿ ಹೇಳಿ. ಪಾಯಸ ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ, ನಮಗೆ ಅದು ಗೊತ್ತು. ಮೈಲೋಮಾದಲ್ಲಿ ಕಿಡ್ನಿ ಮೇಲೆ ಕಣ್ಣಿಟ್ಟಿರುವ ಮೈಸೂರಿನ ಡಾಕ್ಟರಿಗೆ ಗೊತ್ತಿರುವುದಿಲ್ಲ. ಪಕ್ಕದ ದಿನ ಮೂತ್ರ ಪರೀಕ್ಷೆ ಇದ್ದರೆ ಎಲ್ಲರೂ ಬೆಚ್ಚಿಬೀಳುತ್ತಾರೆ. ಅವರು ಹೂಂ ಅಂದರೆ ಎರಡು ಚಮಚ ಕೊಡಿ, ಬಟ್ಟಲುಗಟ್ಟಲೆ ಬೇಡ.

ಕಾಚಂಪುಳಿ · ಸೆಪ್ಟೆಂಬರ್ 14, ರಾತ್ರಿ 10:00

ಹೊಸಬ. ಚಿಕ್ಕಪ್ಪನಿಗೂ ಮೈಲೋಮಾ. ಕಾರ್-ಟಿ ಅಂತ ನಮ್ಮ ದೇಶದಲ್ಲೇ ಬಂದಿದೆಯಂತೆ, ಒಂದೇ ಸಲಕ್ಕೆ ವಾಸಿಯಂತೆ. ಈ ಇಂಜೆಕ್ಷನ್ ಎಲ್ಲ ಬಿಟ್ಟು ಅಲ್ಲಿಗೇ ಹೋಗಬಾರದಾ?

ಹಳೇ ಲ್ಯಾಬಿನವಳು · ಸೆಪ್ಟೆಂಬರ್ 15, ಬೆಳಿಗ್ಗೆ 6:20

ಬಂದಿದೆ, ನಿಜ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್-19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಉದ್ಘಾಟಿಸಿದರು. ರೋಗಿಯ ಟಿ ಕಣ ಅನ್ನುವ ಬಿಳಿ ಕಣಗಳನ್ನು ತೆಗೆದು, ಕ್ಯಾನ್ಸರ್ ಕಣದ ಮೇಲಿನ ಒಂದು ಗುರುತನ್ನು ಹಿಡಿಯುವ ಹಾಗೆ ತಿದ್ದಿ ವಾಪಸ್ ಬಿಡುವುದು. ಆದರೆ ಇದು ಹಿಡಿಯುವ ಗುರುತು ಸಿಡಿ-19. ಅದು ಇರುವುದು ಬಿ ಕಣಗಳ ಮೇಲೆ, ಅಂದರೆ ಮುಂದೆ ಪ್ಲಾಸ್ಮಾ ಕಣಗಳಾಗುವ ಬಿಳಿ ಕಣಗಳ ಮೇಲೆ. ಅದಕ್ಕೇ ಬಿ ಕಣದ ಲಿಂಫೋಮಾ ಮತ್ತು ಲ್ಯುಕೇಮಿಯಾಕ್ಕೆ, ಅದೂ ಬೇರೆ ಔಷಧ ಸೋತ ಮೇಲೆ. ಮೈಲೋಮಾ ಕಣಕ್ಕೆ ಬಿಸಿಎಂಎ ಅನ್ನುವ ಬೇರೆ ಗುರುತು ಬೇಕು. ಚಿಕ್ಕಪ್ಪನ ಇಂಜೆಕ್ಷನ್ ಬಿಡಿಸಬೇಡಿ.

ಈ ಕಾರ್-ಟಿ ಒಳ್ಳೆಯ ಬಿ ಕಣವನ್ನೂ ಬಿಡುವುದಿಲ್ಲ, ಅವಕ್ಕೂ ಸಿಡಿ-19 ಇದೆಯಲ್ಲ. ಅಲ್ಲೂ ಐಜಿಜಿ ಬೀಳುತ್ತದೆ, ಅಲ್ಲೂ ಐವಿಐಜಿ. ಕಾವಲುಗಾರನ ಬಟ್ಟೆ ಅಂದೆನಲ್ಲ ಮೊದಲು, ಅದೇ ತೊಂದರೆ.

ಮಾದಾಪುರದ ತೋಟದವ · ಡಿಸೆಂಬರ್ 7, ರಾತ್ರಿ 9:35

ಆರು ಸುತ್ತು ಮುಗಿಯಿತು. ಎಂ ಪ್ರೋಟೀನ್ ಬಹಳ ಇಳಿದಿದೆ, ಹಿಮೋಗ್ಲೋಬಿನ್ 11.6. ಹುಳದ ಪರೀಕ್ಷೆ ಪಾಸಿಟಿವ್ ಬಂದಿತ್ತು ಅಕ್ಕಾ! ಐವರ್‌ಮೆಕ್ಟಿನ್ ಕೊಟ್ಟರು. ಡಾಕ್ಟರ್ ನನ್ನನ್ನು "ನಿಮಗೆ ಯಾರು ಹೇಳಿದ್ದು?" ಅಂತ ಕೇಳಿದರು. ಅಕ್ಕ ಅಂದೆ.

ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಅಪ್ಪನನ್ನು ಗದ್ದೆಗೆ ಬಿಡಲಿಲ್ಲ. ಮಂಜು, ಜನ, ಕೆಸರು. ಐನ್‌ಮನೆಯವರೆಲ್ಲ, ಅಂದರೆ ನಮ್ಮ ಕುಲದ ದೊಡ್ಡ ಮನೆಯವರು, ಕದಿರು ತೆಗೆಯಲು ಹೋದರು. ಅಪ್ಪ ಸ್ವೆಟರ್, ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಗದ್ದೆಯಲ್ಲಿ ಗುಂಡು ಹಾರಿದ ಸದ್ದು ಕೇಳಿದ ಕೂಡಲೇ ಮಾಸ್ಕ್ ಒಳಗಿಂದಲೇ "ಪೊಲಿ ಪೊಲಿ ದೇವಾ" ಅಂತ ಕೂಗಿದರು. ನಾಯಿ ಹೆದರಿ ಕಟ್ಟೆ ಇಳಿದು ಓಡಿತು.

ಜನವರಿಯಲ್ಲಿ ಅವರದ್ದೇ ಕಾಂಡಕೋಶ ತೆಗೆದಿಟ್ಟು, ಮೆಲ್ಫಲಾನ್ ಅನ್ನುವ ಜೋರು ಕೀಮೋ ಕೊಟ್ಟು, ವಾಪಸ್ ಹಾಕುತ್ತಾರೆ. ಕುಯ್ಲನ್ನು ಭಾವ ನೋಡಿಕೊಳ್ಳುತ್ತಾನೆ. ಎರಡು ವಾರ ಕೌಂಟ್ ಸೊನ್ನೆಯ ಹತ್ತಿರ ಇರುತ್ತದಂತೆ, ನಾನು ಜೊತೆಗಿರಬೇಕು. ಮೆಲ್ಫಲಾನ್ ದಿನ ಬಾಯಲ್ಲಿ ಐಸ್ ಇಟ್ಟುಕೊಂಡಿರಬೇಕು ಅಂದರು. ಅದು ಯಾಕೆ? ಮನೆಯಿಂದಲೇ ಮಾಡಿ ಒಯ್ಯಬಹುದಾ?

ಡೇ ಕೇರ್ ಸಿಸ್ಟರ್ · ಡಿಸೆಂಬರ್ 7, ರಾತ್ರಿ 10:20

ಐಸ್ ಇದ್ದರೆ ಬಾಯಿಯ ರಕ್ತನಾಳ ಬಿಗಿಯುತ್ತದೆ, ಅಲ್ಲಿಗೆ ಔಷಧ ಕಡಿಮೆ ಹೋಗುತ್ತದೆ, ಹುಣ್ಣು ಕಡಿಮೆ. ಔಷಧ ಶುರುವಾಗುವ ಮೊದಲೇ ಬಾಯಿಗೆ ಹಾಕಿ ಮುಗಿದ ಮೇಲೂ ಸ್ವಲ್ಪ ಹೊತ್ತು ಇಟ್ಟುಕೊಳ್ಳಬೇಕು. ಮನೆ ಐಸ್ ಬೇಡ, ವಾರ್ಡ್‌ನಲ್ಲೇ ಶುದ್ಧ ನೀರಿನದ್ದು ಕೊಡುತ್ತಾರೆ. ನೀವು ಮೆತ್ತಗಿನ ಹೊಸ ಟೂತ್‌ಬ್ರಷ್ ಎರಡು, ಅವರ ಕಂಬಳಿ ಬದಲು ಒಗೆದ ಹತ್ತಿ ಹೊದಿಕೆ, ಮತ್ತೆ ಒಂದು ರೇಡಿಯೊ ತೆಗೆದುಕೊಂಡು ಹೋಗಿ. ಕೋವಿ ಬೇಡ.